ಸಫಾರಿ: ಅಂಗಡಿಯ ಮಾತು ಮತ್ತು ಬಿಲ್ಲಿನ ಅರ್ಥ

ಹಿಂಗಾರಿನ ಸುಗ್ಗಿ ಮುಗಿದು ಲಗ್ನದ ಹಂಗಾಮು ಆರಂಭವಾಯಿತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಪೇಟೆಗಳ ಜವಳಿ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಮಾತುಗಳಲ್ಲಿ ‘ಸಫಾರಿ’ ಒಂದು. ಬೀಗರಿಗೆ ಆಯೇರಿ ಮಾಡಬೇಕಾದ ರೈತನು ಅಂಗಡಿಗೆ ಬಂದು “ಒಂದ್ ಚಲೋ ಸಫಾರಿ ತೋರಸ್ರಿ” ಎನ್ನುತ್ತಾನೆ. ಅವನಿಗೆ ಬೇಕಾದದ್ದು ಬಟ್ಟೆ. ಅದೇ ಅಂಗಡಿಯ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡ ಶಿಂಪಿಗನನ್ನು ಇನ್ನೊಬ್ಬನು “ಸಫಾರಿಗೆ ಎಷ್ಟ್ ತಗೋತೀರಿ?” ಎಂದು ಕೇಳುತ್ತಾನೆ. ಅವನು ಕೇಳುತ್ತಿರುವುದು ಹೊಲಿಗೆಯ ಮಜೂರಿಯನ್ನು. ಸಹಕಾರಿ ಸಂಘದ ಕಾರ್ಯದರ್ಶಿಯು ಚಾಲಕ ಮತ್ತು ಜವಾನರಿಗಾಗಿ “ಆರು ಸಫಾರಿ ಬೇಕು” ಎಂದು ಚೀಟಿ ಬರೆದು ಕಳುಹಿಸಿದರೆ ಅವರ ಮನಸ್ಸಿನಲ್ಲಿರುವುದು ಹೊಲಿದು ಸಿದ್ಧವಾದ ಸಮವಸ್ತ್ರ.

ಹೀಗೆ ಒಂದೇ ಶಬ್ದವು ಬಟ್ಟೆಗೂ, ಕೂಲಿಗೂ, ಉಡುಪಿಗೂ ಸಲ್ಲುತ್ತದೆ. ಮಾತಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಕೇಳುವವನಿಗೂ ಕೊಡುವವನಿಗೂ ಅರ್ಥ ತಿಳಿದಿರುತ್ತದೆ. ಆದರೆ ಅದೇ ಮಾತು ‘ಸಫಾರಿ – 1’ ಎಂದು ಬಿಲ್ಲಿನ ಮೇಲೆ ಇಳಿದಾಗ, ಓದುವ ಮೂರನೆಯವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತೆರಿಗೆ ಕಾನೂನು ಈ ಮೂರನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ವಿಶೇಷವಾಗಿ 2025ರ ಸೆಪ್ಟೆಂಬರ್ 22ರಂದು ಉಡುಪುಗಳ ಮೇಲಿನ ದರಗಳು ಬದಲಾದ ಮೇಲೆ ಈ ಶಬ್ದದ ಸರಿಯಾದ ಅರ್ಥವನ್ನು ತಿಳಿದುಕೊಳ್ಳುವುದು ಸಣ್ಣ ವ್ಯಾಪಾರಸ್ಥರಿಗೆ ಹಣದ ವಿಷಯವೇ ಆಗಿದೆ.

ಶಬ್ದದ ಮೂಲ

‘ಸಫಾರಿ’ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂಬುದೇ ಅದರ ಅರ್ಥ. ಅದರ ಬೇರು ಅರಬ್ಬೀ ಭಾಷೆಯ ‘ಸಫರ್’ ಎಂಬ ಶಬ್ದದಲ್ಲಿದೆ. ಹಿಂದಿ ಮತ್ತು ಉರ್ದುವಿನ ಮೂಲಕ ಈ ‘ಸಫರ್’ ಹುಬ್ಬಳ್ಳಿಯ ಪೇಟೆಗೆ ಅಪರಿಚಿತವೇನಲ್ಲ. ಆಫ್ರಿಕಾದಲ್ಲಿ ಬೇಟೆಗಾಗಿ ಪ್ರಯಾಣ ಹೊರಡುತ್ತಿದ್ದ ಯುರೋಪಿಯನ್ನರು ತೊಡುತ್ತಿದ್ದ ಹಗುರವಾದ, ಹಲವು ಜೇಬುಗಳ ಮೇಲಂಗಿಗೆ ಮುಂದೆ ಇದೇ ಹೆಸರು ಅಂಟಿಕೊಂಡಿತು.

ಈ ಅಂಗಿಯ ಮೂಲ ಬಣ್ಣವಾದ ಖಾಕಿಯ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ‘ಖಾಕ್’ ಎಂದರೆ ಪಾರಸಿಯಲ್ಲಿ ಮಣ್ಣು ಅಥವಾ ಧೂಳು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಾಯವ್ಯ ಗಡಿಯ ಸೈನ್ಯದಳಗಳು ಧೂಳಿನ ಬಣ್ಣದ ಉಡುಪನ್ನು ಬಳಸಲಾರಂಭಿಸಿದವು. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರು ಖಾಕಿ ಬಣ್ಣವನ್ನು ರೂಪಿಸಿ ಆ ಬಟ್ಟೆಗೆ ಹೆಸರು ತಂದರು.

ಸೈನ್ಯ ಮತ್ತು ಬೇಟೆಯ ಈ ಉಡುಪನ್ನು ಫ್ಯಾಶನ್ ಲೋಕಕ್ಕೆ ತಂದವರಲ್ಲಿ ಪ್ಯಾರಿಸಿನ ವಿನ್ಯಾಸಕಾರ ಈವ್ ಸ್ಯಾಂ ಲೊರಾಂ ಮುಖ್ಯರು. 1960ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಸಫಾರಿ ಜಾಕೆಟ್ ಲೋಕಪ್ರಸಿದ್ಧವಾಯಿತು. 1970ರ ದಶಕದಲ್ಲಿ ಜೇಮ್ಸ್ ಬಾಂಡ್ ಪಾತ್ರದ ರೋಜರ್ ಮೂರ್ ಅದನ್ನು ತೊಟ್ಟು ತೆರೆಯ ಮೇಲೆ ಕಾಣಿಸಿಕೊಂಡರು. ಆ ಹೊತ್ತಿಗೆ ಭಾರತದಲ್ಲಿ ಟೆರಿಲೀನ್ ಮತ್ತು ಟೆರಿಕಾಟ್ ಬಟ್ಟೆಗಳು ಹಳ್ಳಿಯ ಪೇಟೆಗಳಿಗೂ ಇಳಿದಿದ್ದವು. ಒಗೆದರೆ ಬೇಗ ಒಣಗುವ, ಇಸ್ತ್ರಿಯ ಹಂಗು ಕಡಿಮೆಯಿರುವ, ಮಡಿಕೆ ಬೀಳದ ಬಟ್ಟೆ ಒಂದು ಕಡೆ, ಟೈ ಬೇಡದ, ಕೋಟಿನಷ್ಟು ಸೆಕೆಯಾಗದ, ಆದರೂ ಕೋಟಿನ ಗೌರವವನ್ನು ಕೊಡುವ ಕತ್ತರಿಕೆ ಇನ್ನೊಂದು ಕಡೆ. ಎರಡೂ ಕೂಡಿದ್ದರಿಂದ ಸಫಾರಿಯು ಅಧಿಕಾರಿಗಳು, ಗುತ್ತಿಗೆದಾರರು, ಪುಢಾರಿಗಳು ಮತ್ತು ಮದುವೆಯ ಹಿರಿಯರ ಉಡುಪಾಯಿತು. ಧೋತರ, ನೆಹರೂ ಶರ್ಟು ಮತ್ತು ರುಮಾಲಿನ ನಾಡಿನಲ್ಲಿ ಪ್ಯಾಂಟಿಗೆ ಬಂದ ಗೃಹಸ್ಥನಿಗೆ ಇದು ಒಗ್ಗಿದ ಮೊದಲ ‘ಸೂಟು’ ಎಂದರೂ ಸಲ್ಲುತ್ತದೆ. ಮುಂದೆ ಭದ್ರತಾ ಸಿಬ್ಬಂದಿ, ಚಾಲಕರು ಮತ್ತು ಜವಾನರ ಸಮವಸ್ತ್ರವಾಗಿಯೂ ಅದು ನೆಲೆನಿಂತಿತು.

ಸಫಾರಿ ಎಂದರೆ ಯಾವ ಉಡುಪು?

ವಿದೇಶದಲ್ಲಿ ‘ಸಫಾರಿ ಜಾಕೆಟ್’ ಎಂದರೆ ಮೇಲಂಗಿ ಮಾತ್ರ. ಅದಕ್ಕೆ ನಾಲ್ಕು ಜೇಬು, ಭುಜದ ಪಟ್ಟಿ ಮತ್ತು ನಡುವಿಗೆ ಅದೇ ಬಟ್ಟೆಯ ಬೆಲ್ಟು ಇರುತ್ತವೆ. ಅದರ ಕೆಳಗೆ ಯಾವ ಪ್ಯಾಂಟನ್ನಾದರೂ ತೊಡಬಹುದು. ನಮ್ಮ ಪೇಟೆಯಲ್ಲಿ ಹಾಗಲ್ಲ. ಇಲ್ಲಿ ನಡುವಿನ ಬೆಲ್ಟು ಬಹುಮಟ್ಟಿಗೆ ಮಾಯವಾಗಿದೆ, ತೋಳು ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿದೆ, ಭುಜದ ಪಟ್ಟಿಯು ಗಿರಾಕಿಯ ಇಚ್ಛೆಗೆ ಬಿಟ್ಟದ್ದಾಗಿದೆ. ಆದರೆ ಎರಡು ಲಕ್ಷಣಗಳನ್ನು ಯಾರೂ ಬಿಟ್ಟುಕೊಡುವುದಿಲ್ಲ. ಮೊದಲನೆಯದು, ಅಂಗಿ ಮತ್ತು ಪ್ಯಾಂಟು ಒಂದೇ ಥಾನಿನ ಬಟ್ಟೆಯಾಗಿರಬೇಕು. ಎರಡನೆಯದು, ಅಂಗಿಯು ಪ್ಯಾಂಟಿನ ಮೇಲೆ ಇಳಿದು, ಅದರ ಕೆಳಭಾಗದಲ್ಲಿ ಎರಡು ದೊಡ್ಡ ಜೇಬುಗಳಿರಬೇಕು. ಈ ಕೆಳಜೇಬು ಇಲ್ಲದಿದ್ದರೆ ಅದು ಬುಶ್ ಶರ್ಟು. ಬಟ್ಟೆ ಬೇರೆಯಾದರೆ ಅದು ಬರಿಯ ಜೋಡಿ.

ಕುತೂಹಲದ ಸಂಗತಿಯೆಂದರೆ, ಶಿಂಪಿಗನು ಮುಖ್ಯವೆಂದು ಎಣಿಸುವ ಈ ಎರಡು ಲಕ್ಷಣಗಳನ್ನೇ ಸುಂಕದ ಪಟ್ಟಿಯೂ ಹಿಡಿದಿದೆ. ಅಲ್ಲಿ ‘ಸಫಾರಿ’ ಎಂಬುದು ಒಂದು ಶೀರ್ಷಿಕೆಯಲ್ಲ. ಅಲ್ಲಿರುವುದು ನೇಯ್ದ ಬಟ್ಟೆಯ ಸಿದ್ಧ ಉಡುಪುಗಳ 62ನೆಯ ಅಧ್ಯಾಯ. ಅದರಲ್ಲಿ ಗಂಡಸರ ಸೂಟು, ಎನ್ಸೆಂಬಲ್ ಎಂಬ ಜೋಡಿ ಉಡುಪು, ಜಾಕೆಟ್ ಮತ್ತು ಪ್ಯಾಂಟುಗಳಿಗೆ 6203ನೆಯ ಶೀರ್ಷಿಕೆ ಇದೆ. ಗಂಡಸರ ಶರ್ಟುಗಳಿಗೆ 6205. ಒಂದೇ ಬಟ್ಟೆಯಲ್ಲಿ ಮೇಲಿನ ಮತ್ತು ಕೆಳಗಿನ ಉಡುಪನ್ನು ಹೊಲಿದು ಚಿಲ್ಲರೆ ಮಾರಾಟಕ್ಕೆ ಒಟ್ಟಾಗಿ ಇಟ್ಟರೆ ಅದನ್ನು ಜೋಡಿ ಉಡುಪೆಂದು ಕಾಣಬೇಕೆಂಬುದು ಆ ಅಧ್ಯಾಯದ ಟಿಪ್ಪಣಿಯ ಸಾರ. ಇದಲ್ಲದೆ, 2022ರಿಂದ ಜಾರಿಗೆ ಬಂದ ಪರಿಷ್ಕೃತ ಪಟ್ಟಿಯ ಟಿಪ್ಪಣಿಯಂತೆ, ಸೊಂಟದಿಂದ ಕೆಳಗೆ ಜೇಬುಗಳಿರುವ ಉಡುಪು 6205ನೆಯ ಶೀರ್ಷಿಕೆಯ ಶರ್ಟು ಆಗಲಾರದು. ಜಿಎಸ್‌ಟಿ ದರಗಳ ಅಧಿಸೂಚನೆಗಳನ್ನು ಅರ್ಥೈಸುವಾಗಲೂ ಈ ಟಿಪ್ಪಣಿಗಳೇ ಅನ್ವಯಿಸುತ್ತವೆ. ಆದ್ದರಿಂದ ಕೆಳಜೇಬಿನ ಸಿದ್ಧ ಸಫಾರಿ ಜೋಡಿಯನ್ನು ‘ಶರ್ಟು, 6205’ ಎಂದು ಬರೆಯುವುದು ತಪ್ಪು. 6203 ಎಂದು ಬರೆಯುವುದು ಸರಿ. ದರದ ಮಟ್ಟಿಗೆ ಎರಡಕ್ಕೂ ಒಂದೇ ನಿಯಮವಿದ್ದರೂ, ಜೋಡಿಯನ್ನು ಒಂದು ನಗವೆಂದು ಎಣಿಸಬೇಕೋ ಎರಡೆಂದು ಎಣಿಸಬೇಕೋ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅದರ ವಿವರ ಮುಂದೆ ಬರುತ್ತದೆ.

ಮೊದಲನೆಯ ಅರ್ಥ: ಸಫಾರಿ ಪೀಸು

58 ಇಂಚು ಪನ್ನದ ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರ ಸಫಾರಿಗೆ 3 ಮೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಇಷ್ಟನ್ನು ಥಾನಿನಿಂದ ಕತ್ತರಿಸಿ, ಮಡಿಸಿ, ಚೆಂದದ ಡಬ್ಬಿಯಲ್ಲಿಟ್ಟು ‘ಸಫಾರಿ ಪೀಸು’ ಎಂದು ಮಾರುವುದು ರೂಢಿ. ಡಬ್ಬಿಯ ಮೇಲೆ ಉಡುಪಿನ ಚಿತ್ರವೂ ಇರುತ್ತದೆ. ಇದು ಬಟ್ಟೆಯೇ ಅಥವಾ ಉಡುಪೇ ಎಂಬ ಸಂದೇಹಕ್ಕೆ ಎಡೆಯಿಲ್ಲ. ಥಾನಿನಿಂದ ಕತ್ತರಿಸಿ ಪೊಟ್ಟಣ ಕಟ್ಟಿದ ಮಾತ್ರಕ್ಕೆ ಬಟ್ಟೆಯ ಸ್ವರೂಪ ಬದಲಾಗುವುದಿಲ್ಲವೆಂದೂ, ಅದು ಬಟ್ಟೆಯ ಶೀರ್ಷಿಕೆಯಲ್ಲೇ ಉಳಿದು ಶೇ. 5ರ ತೆರಿಗೆಗೆ ಒಳಪಡುವುದೆಂದೂ 2017ರ ಅಕ್ಟೋಬರ್ 27ರ 13ನೆಯ ಸಂಖ್ಯೆಯ ಕೇಂದ್ರ ಸುತ್ತೋಲೆಯು ಸ್ಪಷ್ಟಪಡಿಸಿದೆ. ಪೀಸಿನ ಬೆಲೆ 800 ರೂಪಾಯಿ ಇರಲಿ, 8,000 ಇರಲಿ, ದರ ಶೇ. 5 ಮಾತ್ರ. ಬೆಲೆಯ ಮಿತಿ ಇರುವುದು ಹೊಲಿದ ಉಡುಪಿಗೆ, ಹೊಲಿಯದ ಬಟ್ಟೆಗಲ್ಲ.

ಇಲ್ಲಿ ಗಮನಿಸಬೇಕಾದದ್ದು ಬಟ್ಟೆಯ ಜಾತಿಯನ್ನು. ಪಾಲಿಸ್ಟರ್–ವಿಸ್ಕೋಸ್ ಮಿಶ್ರಣದ ಸೂಟಿಂಗ್ ಸಾಮಾನ್ಯವಾಗಿ 5515ರಲ್ಲಿ ಬರುತ್ತದೆ. ಪಾಲಿಸ್ಟರ್ ಅಂಶ ಶೇ. 85ಕ್ಕಿಂತ ಕಡಿಮೆಯಿದ್ದು ಹತ್ತಿಯೊಡನೆ ಬೆರೆತ ಬಟ್ಟೆಯು, ಚದರ ಮೀಟರಿಗೆ 170 ಗ್ರಾಂವರೆಗೆ ತೂಗಿದರೆ 5513ರಲ್ಲಿ, ಅದಕ್ಕಿಂತ ಹೆಚ್ಚು ತೂಗಿದರೆ 5514ರಲ್ಲಿ ಬರುತ್ತದೆ. ಸಗಟು ವ್ಯಾಪಾರಿಯ ಬಿಲ್ಲಿನಲ್ಲಿರುವ ಸಂಖ್ಯೆಯನ್ನೇ ಮುಂದುವರಿಸುವುದು ಕ್ಷೇಮ.

ಎರಡನೆಯ ಅರ್ಥ: ಹೊಲಿಗೆ

ಗಿರಾಕಿಯು ತನ್ನ ಬಟ್ಟೆಯನ್ನು ತಂದುಕೊಟ್ಟು ಸಫಾರಿ ಹೊಲಿಸಿದರೆ ಅದು ಸರಕಿನ ಮಾರಾಟವಲ್ಲ, ಸೇವೆ. ಹೊಲಿಗೆ ಸೇವೆಗೆ ದರ ಶೇ. 5. ಆದರೆ ಹಳ್ಳಿಯ ಬಹುತೇಕ ಶಿಂಪಿಗರ ವಾರ್ಷಿಕ ಆದಾಯ ನೋಂದಣಿಯ ಮಿತಿಯಾದ 20 ಲಕ್ಷ ರೂಪಾಯಿಗಳನ್ನು ಮುಟ್ಟುವುದಿಲ್ಲವಾದ್ದರಿಂದ ಅವರ ಮಜೂರಿಯ ಮೇಲೆ ತೆರಿಗೆಯೇ ಬರುವುದಿಲ್ಲ.

ವ್ಯಾಪಾರಿಯು ತನ್ನ ಬಟ್ಟೆಯನ್ನು ಶಿಂಪಿಗನಿಗೆ ಕೊಟ್ಟು, ಹೊಲಿಸಿ, ಸಿದ್ಧ ಉಡುಪಾಗಿ ಮಾರುವುದು ಬೇರೆ ಮಾತು. ಅಲ್ಲಿ ಶಿಂಪಿಗನದು ಜಾಬ್‌ವರ್ಕ್, ವ್ಯಾಪಾರಿಯದು ಉಡುಪಿನ ಮಾರಾಟ. ನೋಂದಾಯಿತ ವ್ಯಾಪಾರಿಯು ಬಟ್ಟೆಯನ್ನು ಚಲನ್ ಮೂಲಕವೇ ಕಳುಹಿಸಬೇಕು. ಒಂದು ವರ್ಷದೊಳಗೆ ಅದು ಮರಳಿ ಬರಬೇಕು ಅಥವಾ ನಿಯಮದಂತೆ ಅಲ್ಲಿಂದಲೇ ಮಾರಾಟವಾಗಬೇಕು.

ಮೂರನೆಯ ಅರ್ಥ: ಸಿದ್ಧ ಉಡುಪು

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ 1,000 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕೆ ಮೀರಿದ್ದಕ್ಕೆ ಶೇ. 12 ಎಂದಿತ್ತು. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೆಯ ಸಭೆಯ ತೀರ್ಮಾನದಂತೆ, ಅದೇ ತಿಂಗಳ 22ರಿಂದ, ಒಂದು ನಗದ ಮಾರಾಟ ಮೌಲ್ಯವು 2,500 ರೂಪಾಯಿ ಮೀರದಿದ್ದರೆ ಶೇ. 5, ಮೀರಿದರೆ ಶೇ. 18 ಎಂದಾಯಿತು. 1,000ದಿಂದ 2,500ರವರೆಗಿನ ಉಡುಪು ಮಾರುವವರಿಗೆ ಇದು ಲಾಭ. ಅದರ ಮೇಲಿನ ಬೆಲೆಯವರಿಗೆ ಭಾರ.

ಈ ಗೆರೆಯ ಎರಡೂ ಬದಿಗಳ ಅಂತರವನ್ನು ಲೆಕ್ಕದಲ್ಲಿ ನೋಡಬೇಕು. ತೆರಿಗೆ ಬಿಟ್ಟು 2,500 ರೂಪಾಯಿ ಬೆಲೆಯ ಸಿದ್ಧ ಸಫಾರಿಗೆ ತೆರಿಗೆ 125. ಗಿರಾಕಿ ಕೊಡುವುದು 2,625. ಬೆಲೆಯನ್ನು ಕೇವಲ 100 ರೂಪಾಯಿ ಏರಿಸಿ 2,600 ಮಾಡಿದರೆ ತೆರಿಗೆ 468. ಗಿರಾಕಿ ಕೊಡುವುದು 3,068. ಅಂಗಡಿಗೆ ಸಿಕ್ಕಿದ್ದು 100 ಹೆಚ್ಚು, ಗಿರಾಕಿಯ ಕಿಸೆಯಿಂದ ಹೋದದ್ದು 443 ಹೆಚ್ಚು. ಆದ್ದರಿಂದ 2,500ರ ಆಸುಪಾಸಿನ ಸಫಾರಿಗಳ ಬೆಲೆಯನ್ನು ನಿಗದಿ ಮಾಡುವಾಗ ವ್ಯಾಪಾರಿಯು ಈ ಗೆರೆಯನ್ನು ಕಣ್ಣೆದುರಿಗಿಟ್ಟುಕೊಳ್ಳಬೇಕು. ಬಿಲ್ಲಿನಲ್ಲಿಯೇ ತೋರಿಸಿ ಕೊಟ್ಟ ರಿಯಾಯಿತಿಯನ್ನು ಕಳೆದ ಮೇಲಿನ ಮೌಲ್ಯವೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಜೋಡಿಯನ್ನು ಒಡೆದು ‘ಅಂಗಿ 1,700, ಪ್ಯಾಂಟು 1,300’ ಎಂದು ಬರೆದರೆ ಎರಡೂ ಮಿತಿಯೊಳಗೆ ಬರುತ್ತವಲ್ಲ ಎಂದು ಕೆಲವರು ಕೇಳುವುದುಂಟು. ಅಂಗಿಯನ್ನಷ್ಟೇ ಅಥವಾ ಪ್ಯಾಂಟನ್ನಷ್ಟೇ ಕೊಳ್ಳಲು ಗಿರಾಕಿಗೆ ನಿಜವಾಗಿ ಅವಕಾಶವಿದ್ದು, ಎರಡಕ್ಕೂ ಬೇರೆ ಬೆಲೆಚೀಟಿ ಇದ್ದರೆ ಆ ವಾದಕ್ಕೆ ಆಧಾರವಿರುತ್ತದೆ. ಒಂದೇ ಪೊಟ್ಟಣ, ಒಂದೇ ಬೆಲೆ, ಒಂದೇ ಅಳತೆ ಎಂದು ಮಾರಿ, ಬಿಲ್ಲಿನಲ್ಲಿ ಮಾತ್ರ ಒಡೆದರೆ, ಮೇಲೆ ಹೇಳಿದ ಜೋಡಿ ಉಡುಪಿನ ಟಿಪ್ಪಣಿಯು ವ್ಯಾಪಾರಿಯ ವಿರುದ್ಧ ನಿಲ್ಲಬಹುದು. ಮೂರು ವರ್ಷದ ಮೇಲೆ ಬಡ್ಡಿ ಮತ್ತು ದಂಡ ಸಮೇತ ಕಟ್ಟುವುದಕ್ಕಿಂತ ಇಂದು ಬೆಲೆಯನ್ನೇ ಸರಿಯಾಗಿ ಯೋಚಿಸುವುದು ಜಾಣತನ.

ಹೊಲಿಸುವ ಸಫಾರಿಗೆ ಬಂದ ಅನುಕೂಲ

ಹೊಸ ದರಗಳಿಂದ ಹಳ್ಳಿಯ ಬಟ್ಟೆ ಅಂಗಡಿಗೂ ಶಿಂಪಿಗನಿಗೂ ಒಂದು ಅನುಕೂಲ ಒದಗಿದೆ. 2,200 ರೂಪಾಯಿಯ ಪೀಸು ಕೊಂಡು, 900 ರೂಪಾಯಿ ಮಜೂರಿ ಕೊಟ್ಟು ಹೊಲಿಸುವ ಗಿರಾಕಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಟ್ಟೆಯ ಮೇಲೆ ತೆರಿಗೆ 110. ಶಿಂಪಿಗನು ನೋಂದಾಯಿತನಾಗಿದ್ದರೂ ಹೊಲಿಗೆಯ ಮೇಲೆ 45. ಒಟ್ಟು ಖರ್ಚು 3,255. ಅದೇ 3,100 ರೂಪಾಯಿ ಬೆಲೆಯ ಸಿದ್ಧ ಸಫಾರಿಯನ್ನು ಕೊಂಡರೆ ತೆರಿಗೆ 558, ಒಟ್ಟು 3,658. ವ್ಯತ್ಯಾಸ 403 ರೂಪಾಯಿ. ಅಳತೆ ತಪ್ಪದ, ಬೇಕಾದರೆ ಮುಂದೆ ಬಿಚ್ಚಿ ಸಡಿಲಿಸಿಕೊಳ್ಳಬಹುದಾದ ಉಡುಪು ಕಡಿಮೆ ಖರ್ಚಿನಲ್ಲಿ ಆಗುತ್ತದೆಂಬುದನ್ನು ಗಿರಾಕಿಗೆ ತಿಳಿಸಿ ಹೇಳುವುದು ನ್ಯಾಯವಾದ ವ್ಯಾಪಾರವೇ ಆಗಿದೆ.

ಆದರೆ ಇದು ನಿಜವಾದ ಬಟ್ಟೆ ಮಾರಾಟ ಮತ್ತು ನಿಜವಾದ ಹೊಲಿಗೆಗೆ ಮಾತ್ರ ಸಲ್ಲುತ್ತದೆ. ಹೊಲಿದು ಸಿದ್ಧಪಡಿಸಿದ ಸಫಾರಿಯನ್ನು ಒಂದೇ ಬೆಲೆಗೆ ಒಪ್ಪಿಕೊಂಡು ಕೊಟ್ಟು, ಬಿಲ್ಲಿನಲ್ಲಿ ಬಟ್ಟೆ ಮತ್ತು ಮಜೂರಿ ಎಂದು ಒಡೆದರೆ ಅದು ಉಡುಪಿನ ಮಾರಾಟವೇ.

ಇಪ್ಪತ್ತು ಲಕ್ಷವೇ, ನಾಲ್ವತ್ತು ಲಕ್ಷವೇ?

‘ಸಫಾರಿ’ ಎಂಬ ಮಾತಿನ ಸಂದಿಗ್ಧತೆಯಿಂದ ಹೆಚ್ಚು ಹಾನಿಯಾಗುವುದು ನೋಂದಣಿಯ ವಿಷಯದಲ್ಲಿ. ಕರ್ನಾಟಕದಲ್ಲಿ ಕೇವಲ ಸರಕನ್ನು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಸರಕಿನ ಜೊತೆಗೆ ಸೇವೆಯನ್ನೂ ಒದಗಿಸುವವರಿಗೆ ಈ ಹೆಚ್ಚಿನ ಮಿತಿ ಅನ್ವಯಿಸುವುದಿಲ್ಲ. ಅವರಿಗೆ 20 ಲಕ್ಷವೇ ಮಿತಿ. ವರ್ಷಕ್ಕೆ 30 ಲಕ್ಷದ ಬಟ್ಟೆಯನ್ನಷ್ಟೇ ಮಾರುವ ಅಂಗಡಿಗೆ ನೋಂದಣಿ ಕಡ್ಡಾಯವಲ್ಲ. ಅದೇ ಅಂಗಡಿಯು 17 ಲಕ್ಷದ ಬಟ್ಟೆ ಮಾರಿ, ತನ್ನ ಹೆಸರಿನಲ್ಲೇ 4 ಲಕ್ಷದ ಹೊಲಿಗೆ ಮಜೂರಿಯನ್ನು ಪಡೆದರೆ, ಒಟ್ಟು 21 ಲಕ್ಷಕ್ಕೇ ನೋಂದಣಿ ಮಾಡಿಸಬೇಕಾಗುತ್ತದೆ.

ಕಟ್ಟೆಯ ಮೇಲಿನ ಶಿಂಪಿಗನು ಸ್ವತಂತ್ರನಾಗಿದ್ದು, ತನ್ನ ಮಜೂರಿಯನ್ನು ತಾನೇ ಪಡೆಯುತ್ತಿದ್ದರೆ ಅದು ಅವನ ವಹಿವಾಟು, ಅಂಗಡಿಯದಲ್ಲ. ಆದರೆ ಗಿರಾಕಿಯು ಬಟ್ಟೆಯ ಹಣ ಮತ್ತು ಮಜೂರಿಯನ್ನು ಕೂಡಿಸಿ ಅಂಗಡಿಯ ಕ್ಯೂಆರ್ ಸಂಕೇತಕ್ಕೇ ಕಳುಹಿಸಿ, ಅಂಗಡಿಕಾರನು ಸಂಜೆ ಶಿಂಪಿಗನ ಪಾಲನ್ನು ರೊಕ್ಕದಲ್ಲಿ ಎಣಿಸಿಕೊಟ್ಟರೆ, ದಾಖಲೆಯಲ್ಲಿ ಎಲ್ಲವೂ ಅಂಗಡಿಯ ವಹಿವಾಟಾಗಿಯೇ ಕಾಣುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ಕೊಟ್ಟದ್ದನ್ನು ಇಲ್ಲಿ ನೆನೆಯಬೇಕು. ಶಿಂಪಿಗನಿಗೆ ಬೇರೆ ಖಾತೆ, ಬೇರೆ ಸಂಕೇತ ಮತ್ತು ಬೇರೆ ರಸೀದಿ ಪುಸ್ತಕವಿದ್ದರೆ ಇಬ್ಬರಿಗೂ ಕ್ಷೇಮ.

ನೋಂದಣಿಗೆ ಬಂದ ಸಣ್ಣವರಿಗೆ ರಾಜಿ ತೆರಿಗೆ, ಅಂದರೆ ಕಂಪೋಸಿಷನ್ ಪದ್ಧತಿಯ ದಾರಿಯೂ ಇದೆ. 1.5 ಕೋಟಿ ರೂಪಾಯಿ ವಹಿವಾಟಿನವರೆಗೆ ವ್ಯಾಪಾರಿಗಳೂ ಉಡುಪು ತಯಾರಕರೂ ಶೇ. 1ರಂತೆ ಕಟ್ಟಿದರೆ ಸಾಕು. ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಹೊಲಿಗೆಯಂಥ ಸೇವೆಯನ್ನೂ ಮಾಡಬಹುದು. ಆದರೆ ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯ ಜಮೆಯೂ ಸಿಗುವುದಿಲ್ಲ.

ಸಮವಸ್ತ್ರದ ಆದೇಶಗಳು

ಕಚೇರಿ, ಶಾಲೆ, ಸಂಘ-ಸಂಸ್ಥೆಗಳಿಂದ ‘ಸಫಾರಿ ಸಮವಸ್ತ್ರ’ ಎಂದಷ್ಟೇ ಬರೆದ ಆದೇಶ ಬಂದರೆ, ದರಪಟ್ಟಿ ಕೊಡುವ ಮೊದಲೇ ವಿವರಗಳನ್ನು ಬರೆಹದಲ್ಲಿ ಪಡೆಯಬೇಕು. ಬಟ್ಟೆ ಮಾತ್ರವೋ ಹೊಲಿದದ್ದೋ, ಅರ್ಧ ತೋಳೋ ಪೂರ್ಣ ತೋಳೋ, ಜೇಬುಗಳೆಷ್ಟು, ಭುಜಪಟ್ಟಿ ಬೇಕೋ ಬೇಡವೋ, ಬಟ್ಟೆಯ ಮಿಶ್ರಣ ಮತ್ತು ತೂಕ, ಬಣ್ಣದ ಮಾದರಿ, ಅಳತೆ ತೆಗೆಯುವವರು ಯಾರು, ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದೆಲ್ಲ ಇತ್ಯರ್ಥವಾಗಿರಬೇಕು. ನಾಲ್ಕು ಜೇಬಿನ ಅಂಗಿಯನ್ನು ನಿರೀಕ್ಷಿಸಿದವರಿಗೆ ಬುಶ್ ಶರ್ಟು ಹೊಲಿದುಕೊಟ್ಟರೆ ಬಿಲ್ಲು ಪಾಸಾಗದೆ ನಿಲ್ಲುವುದು ಸಹಜ. ಸರಕಾರಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಗಳೊಂದಿಗಿನ ಒಪ್ಪಂದದ ಮೊತ್ತ 2.5 ಲಕ್ಷ ರೂಪಾಯಿ ಮೀರಿದರೆ ಅವರು ಶೇ. 2ರಷ್ಟು ಜಿಎಸ್‌ಟಿಯನ್ನು ಮೂಲದಲ್ಲೇ ಮುರಿದುಕೊಳ್ಳುತ್ತಾರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೀಗೆ ಮುರಿದ ಹಣವು ನಷ್ಟವಲ್ಲ. ವ್ಯಾಪಾರಿಯ ಜಿಎಸ್‌ಟಿ ನಗದು ಖಾತೆಗೆ ಅದು ಜಮೆಯಾಗುತ್ತದೆ.

ಬಿಲ್ಲು ಬರೆಯುವ ಕ್ರಮ

1. ಬಟ್ಟೆಯಾದರೆ: ‘ಸೂಟಿಂಗ್ ಬಟ್ಟೆ (ಸಫಾರಿ ಪೀಸು), ಪಾಲಿಸ್ಟರ್–ವಿಸ್ಕೋಸ್, 3.20 ಮೀಟರ್, 5515’ ಎಂದು ಬರೆಯಬೇಕು. ನಗಕ್ಕಿಂತ ಮೀಟರಿನ ಲೆಕ್ಕ ಮುಖ್ಯ.

2. ಸಿದ್ಧ ಉಡುಪಾದರೆ: ‘ಗಂಡಸರ ಸಿದ್ಧ ಸಫಾರಿ ಜೋಡಿ, 1 ನಗ, 6203’ ಎಂದು ಬರೆದು, ರಿಯಾಯಿತಿಯನ್ನು ಬಿಲ್ಲಿನಲ್ಲೇ ಕಳೆದು ತೋರಿಸಬೇಕು.

3. ಹೊಲಿಗೆಯಾದರೆ: ‘ಗಿರಾಕಿಯ ಬಟ್ಟೆಯಲ್ಲಿ ಸಫಾರಿ ಹೊಲಿಗೆ ಮಜೂರಿ’ ಎಂದು ಬರೆಯಬೇಕು. ಬಟ್ಟೆ ತಂದ ದಿನಾಂಕ ಮತ್ತು ಅಳತೆಯ ಚೀಟಿಯನ್ನು ಇಟ್ಟುಕೊಳ್ಳಬೇಕು.

4. ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ, 5 ಕೋಟಿವರೆಗಿನ ವಹಿವಾಟಿನವರು ಎಚ್‌ಎಸ್‌ಎನ್ ಸಂಖ್ಯೆಯ 4 ಅಂಕಿಗಳನ್ನೂ, ಅದಕ್ಕೆ ಮೀರಿದವರು 6 ಅಂಕಿಗಳನ್ನೂ ಕಾಣಿಸಬೇಕು.

ಜಿಎಸ್‌ಟಿ ಬರುವ ಮೊದಲು ಬಹುಕಾಲ ಬಟ್ಟೆಯ ಮೇಲೆ ಮಾರಾಟ ತೆರಿಗೆಯ ಬದಲಿಗೆ, 1957ರ ಕಾಯ್ದೆಯಂತೆ, ಹೆಚ್ಚುವರಿ ಅಬಕಾರಿ ಸುಂಕವು ಗಿರಣಿಯ ಹಂತದಲ್ಲೇ ಮುಗಿಯುತ್ತಿತ್ತು. ಹಾಗಾಗಿ ಜವಳಿ ವ್ಯಾಪಾರಿಗೆ ಅಂಗಡಿಯ ಮಾತೇ ಸಾಕಾಗುತ್ತಿತ್ತು. ‘ಸಫಾರಿ’ ಎಂದು ಬರೆದರೆ ಕೇಳುವವರಿರಲಿಲ್ಲ. ಆ ಕಾಲ ಸಂದಿದೆ. ಗಿರಾಕಿಯೊಡನೆ ಮಾತಾಡುವಾಗ ‘ಸಫಾರಿ’ ಎಂಬ ಹಳೆಯ ಮಾತೇ ಇರಲಿ, ಅದರಲ್ಲಿ ಪೇಟೆಯ ಸಲಿಗೆಯಿದೆ. ಆದರೆ ಬಿಲ್ಲು ಬರೆಯುವಾಗ ಅದರ ಪಕ್ಕದಲ್ಲಿ ಬಟ್ಟೆಯೋ, ಹೊಲಿಗೆಯೋ, ಉಡುಪೋ ಎಂಬ ಇನ್ನೊಂದು ಶಬ್ದ ಸೇರಲಿ. ಆ ಒಂದು ಶಬ್ದವನ್ನು ಬರೆಯಲು ಮರೆತದ್ದಕ್ಕೆ ಮುಂದೆ ಪುಟಗಟ್ಟಲೆ ಉತ್ತರ ಬರೆಯಬೇಕಾದ ಪ್ರಸಂಗ ಯಾವ ವ್ಯಾಪಾರಿಗೂ ಬಾರದಿರಲಿ.